ಕೊನೆಯ ದಿನಗಳಲ್ಲಿರುವವರ ಪಕ್ಕದಲ್ಲಿ ಕುಳಿತವರೇ, ನಿಮ್ಮ ಅನುಭವ ತಿಳಿಸಿ

ಕೇಳಿದವರು: ದಾವಣಗೆರೆಯ ಗೃಹಿಣಿ

ನಮ್ಮ ಮಾವನವರಿಗೆ 74 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಇನ್ನು ಕೆಲವು ತಿಂಗಳು ಎಂದು ವೈದ್ಯರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಮಾವನವರಿಗೆ ನಾವು ಹೊಟ್ಟೆಯ ಹುಣ್ಣು ಎಂದಷ್ಟೇ ತಿಳಿಸಿದ್ದೇವೆ. ಆದರೆ ಮೊನ್ನೆ ಅವರು ಟ್ರಂಕಿನಲ್ಲಿದ್ದ ಕಾಗದಪತ್ರಗಳನ್ನೆಲ್ಲ ತರಿಸಿಕೊಂಡು ಒಂದೊಂದನ್ನೇ ಬಿಡಿಸಿ ನೋಡಿದರು. ಅವರಿಗೆ ಗೊತ್ತಾಗಿದೆ ಎಂದೇ ನನಗನ್ನಿಸುತ್ತದೆ. ಸಾವಿನ ಹತ್ತಿರ ಇರುವವರಿಂದ ಬದುಕುವುದನ್ನು ಕಲಿಯಬೇಕು ಎಂಬ ಮಾತನ್ನು ಬಹಳ ಓದಿದ್ದೇನೆ, ಅದರಿಂದ ನನಗೆ ಏನೂ ಸಿಕ್ಕಿಲ್ಲ. ಅಂಥವರ ಪಕ್ಕದಲ್ಲಿ ನಿಜವಾಗಿ ಕುಳಿತವರು ಹೇಳಿ: ಅವರು ಏನು ಕೇಳಿದರು, ನೀವು ಏನು ಮಾಡಿದಿರಿ, ಅದಾದ ಮೇಲೆ ನಿಮ್ಮ ಸ್ವಂತ ಬದುಕಿನಲ್ಲಿ ಏನಾದರೂ ಬದಲಾಯಿತೇ?

ಮನೆಗಳಿಗೆ ಹೋಗಿ ಆರೈಕೆ ನೀಡುವ ದಾದಿ, ಬೆಂಗಳೂರು

ಸಹೋದರಿ, ಕಲಿಯುವ ಮಾತಿಗೆ ಮೊದಲು ನೋವಿನ ಮಾತು ಆಡಬೇಕು. ನೋವು ಹಿಡಿತದಲ್ಲಿಲ್ಲದ ಮನುಷ್ಯ ಏನನ್ನೂ ಯೋಚಿಸಲಾರ, ಯಾರೊಂದಿಗೂ ಮಾತಾಡಲಾರ. ನಿಮ್ಮ ಮಾವನವರಿಗಿರುವ ಕಾಯಿಲೆಯ ನೋವು ಹೊಟ್ಟೆಯಿಂದ ಬೆನ್ನಿಗೆ ಹಾಯುವಂಥದ್ದು. ಮುಂದೆ ಮಾರ್ಫಿನ್ ಎಂಬ ಬಲವಾದ ನೋವುನಿವಾರಕ ಬೇಕಾಗಬಹುದು. ಆ ಹೆಸರು ಎತ್ತಿದೊಡನೆ ಅನೇಕ ಮನೆಗಳಲ್ಲಿ ‘ಹಾಗಾದರೆ ಇನ್ನು ಮುಗಿಯಿತು’ ಎಂದು ಅಳು ಶುರುವಾಗುತ್ತದೆ. ವೈದ್ಯರು ಅಳತೆ ನೋಡಿ ಕೊಟ್ಟ ಮಾರ್ಫಿನ್ ಸಾವನ್ನು ಕರೆತರುವುದಿಲ್ಲ. ಸಾಮಾನ್ಯ ಮಾತ್ರೆಯಾದರೆ ಸುಮಾರು ನಾಲ್ಕು ಗಂಟೆಗೊಮ್ಮೆ, ನೋವು ಮರಳಲಿ ಎಂದು ಕಾಯದೆ, ಗಡಿಯಾರ ನೋಡಿಕೊಂಡು ಕೊಡುತ್ತಾರೆ; ಅದರಿಂದ ಮಲಬದ್ಧತೆ ಬರುವುದರಿಂದ ಅದಕ್ಕೂ ಮೊದಲ ದಿನದಿಂದಲೇ ಔಷಧಿ ಬರೆಯುತ್ತಾರೆ. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿ ನಿಯಮಗಳಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಈ ಮಾತ್ರೆಯನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ನಿಯಮ ಸಡಿಲವಾಯಿತಾದರೂ ಇಂದಿಗೂ ಅದು ಪ್ರತಿ ಔಷಧಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಆದ್ದರಿಂದ ನೋವು ಏರುವ ಮೊದಲೇ ನಿಮ್ಮ ವೈದ್ಯರನ್ನು ‘ಪ್ಯಾಲಿಯೇಟಿವ್ ಕೇರ್ ಎಲ್ಲಿ ಸಿಗುತ್ತದೆ’ ಎಂದು ನೇರವಾಗಿ ಕೇಳಿ; ಕಾಯಿಲೆ ಗುಣವಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ ಅದು. ಬೆಂಗಳೂರಿನವರಿಗೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ ಇದೆ.

ಈ ಆರೈಕೆಗೆ ಇಂದಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಅನಂತರ ಓದಿ ವೈದ್ಯೆಯಾಗಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದರು. ರೋಗಿಯ ನೋವಿನಲ್ಲಿ ದೇಹದ ಪಾಲು ಒಂದಾದರೆ ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಬೇರೆ ಪಾಲುಗಳೆಂಬುದನ್ನು ಅವರು ರೋಗಿಗಳ ಮಾತನ್ನು ಕೂತು ಕೇಳಿಯೇ ಕಂಡುಕೊಂಡರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಾತ್ರೆ ಹೆಚ್ಚಿಸಿದರೂ ರಾತ್ರಿಯೆಲ್ಲ ನರಳುತ್ತಿದ್ದ ಒಬ್ಬ ತಾಯಿ, ಜಾತಿ ಮೀರಿ ಮದುವೆಯಾದಳೆಂದು ಮನೆಗೆ ಸೇರಿಸದಿದ್ದ ಮಗಳು ಬಂದು ಎರಡು ದಿನ ಜೊತೆಗಿದ್ದ ಬಳಿಕ, ಅದೇ ಅಳತೆಯ ಮಾತ್ರೆಯಲ್ಲಿ ನಿದ್ದೆ ಮಾಡತೊಡಗಿದರು.

ಅವರು ಏನು ಕೇಳುತ್ತಾರೆ ಎಂದಿರಿ. ನನಗೆ ಉಪದೇಶ ಮಾಡಿದವರು ಬಹಳ ಕಡಿಮೆ. ಹೆಚ್ಚಿನವರು ಕೆಲಸ ಹೇಳಿದರು, ಅದೂ ತೀರಾ ಸಣ್ಣ ಕೆಲಸ. ಆಟೋ ಓಡಿಸುತ್ತಿದ್ದ ಒಬ್ಬರು, ನಿಂತ ಗಾಡಿಯ ಬ್ಯಾಟರಿ ಕೆಡುತ್ತದೆ, ದಿನಾ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿಸಿ ಎನ್ನುತ್ತಿದ್ದರು. ಆ ಸದ್ದು ಒಳಕ್ಕೆ ಕೇಳಿದ ಮೇಲೆಯೇ ಕಾಫಿ ಕುಡಿಯುತ್ತಿದ್ದರು. ಗೋಡೆಯ ಕಡೆಗಿದ್ದ ಮಂಚವನ್ನು ಅಡುಗೆಮನೆ ಕಾಣುವಂತೆ ತಿರುಗಿಸಿ ಎಂದು ಒಬ್ಬ ಅಜ್ಜಿ ಎಷ್ಟು ದಿನ ಕೇಳಿದರೂ, ‘ಆಮ್ಲಜನಕದ ಸಿಲಿಂಡರ್ ಇಡಲು ಜಾಗವಾಗುವುದಿಲ್ಲ’ ಎಂದು ಮನೆಯವರು ಮುಂದಕ್ಕೆ ಹಾಕುತ್ತಿದ್ದರು. ಒಂದು ದಿನ ನಾನೂ ಅವರ ಮೊಮ್ಮಗನೂ ಸೇರಿ ತಿರುಗಿಸಿದೆವು, ಜಾಗವಾಯಿತು. ಸಾಯುವವರಿಗೆ ದೊಡ್ಡ ಆಸೆಗಳಿರುತ್ತವೆ, ಕಾಶಿಗೆ ಕರೆದೊಯ್ಯಬೇಕು ಎಂದು ನಾವು ಲೆಕ್ಕ ಹಾಕುತ್ತ ಕೂರುತ್ತೇವೆ. ಅವರು ಅಷ್ಟರಲ್ಲಿ ಕಿಟಕಿ ತೆರೆಯಿರಿ ಎಂದು ನಾಲ್ಕು ಸಲ ಹೇಳಿರುತ್ತಾರೆ.

ನನ್ನ ಬದುಕಿನಲ್ಲಿ ಬದಲಾದದ್ದು ಇಷ್ಟು. ಆರೋಗ್ಯವಾಗಿಯೇ ಇರುವ ನನ್ನ ಅಮ್ಮನಿಗೆ ಏನು ಬೇಕೆಂದು ನಾನೇ ತೀರ್ಮಾನಿಸುವುದನ್ನು ಬಿಟ್ಟಿದ್ದೇನೆ. ಕೇಳುತ್ತೇನೆ, ಉತ್ತರ ಬರುವವರೆಗೆ ಸುಮ್ಮನಿರುತ್ತೇನೆ. ಕೇಳುವುದಕ್ಕಿಂತ ಸುಮ್ಮನಿರುವುದೇ ಕಷ್ಟ.

ಕೃಷಿಕರು, ಹಾವೇರಿ ಜಿಲ್ಲೆ

ತಂಗೀ, ನಿಮ್ಮ ಮಾವನವರು ಕಾಗದ ತೆಗೆಸಿದರು ಎಂದು ಓದಿದಾಗ ನಮ್ಮ ಅಪ್ಪನ ನೆನಪಾಯಿತು. ಯಕೃತ್ತು ಕೆಟ್ಟು ಹಾಸಿಗೆ ಹಿಡಿದ ಮೇಲೆ ಅವರು ನನ್ನ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಶಾಲೆಯ ನೋಟ್‌ಬುಕ್ಕಿನಲ್ಲಿ ಕೈಗಡದ ಲೆಕ್ಕ ಬರೆಸಿದರು. ಸೊಸೈಟಿಯ ಸಾಲ, ಬ್ಯಾಂಕಿನ ಬೆಳೆಸಾಲ ನಮಗೆ ಗೊತ್ತಿದ್ದವು. ಕಾಗದವೇ ಇಲ್ಲದ ಲೆಕ್ಕಗಳು ಅವರ ತಲೆಯಲ್ಲಿ ಮಾತ್ರ ಇದ್ದವು: ಒಂದು ಬರಗಾಲದಲ್ಲಿ ಬಿತ್ತನೆ ಜೋಳ ಕೊಟ್ಟವರು, ಅಕ್ಕನ ಮದುವೆಯ ಹಿಂದಿನ ದಿನ ಕೇಳದೆಯೇ ಹಣ ತಂದಿಟ್ಟವರು. ಜೋಳ ಕೊಟ್ಟ ಮನೆಯವರು ಊರು ಬಿಟ್ಟು ರಾಣೆಬೆನ್ನೂರಿಗೆ ಹೋಗಿದ್ದರು. ಹುಡುಕಿಕೊಂಡು ಹೋದರೆ ಅವರ ಮಗನಿಗೆ ಆ ವಿಷಯವೇ ತಿಳಿದಿರಲಿಲ್ಲ, ದುಡ್ಡು ಬೇಡವೆಂದ. ಅಪ್ಪ ಕೊಟ್ಟೇ ಬರಬೇಕೆಂದು ಹೇಳಿ ಕಳಿಸಿದ್ದರಿಂದ ಒಂದು ಚೀಲ ಜೋಳವನ್ನೇ ಇಳಿಸಿ ಬಂದೆವು. ಅವರಿಗೆ ಬರಬೇಕಾಗಿದ್ದ ಬಾಕಿಯ ಪಟ್ಟಿಯೂ ಇತ್ತು. ಅದನ್ನು ಪೂರ್ತಿ ಬರೆಸಿ, ಓದಿಸಿ ಕೇಳಿ, ಮೂವರ ಹೆಸರನ್ನು ಹೊಡೆದುಹಾಕಿಸಿದರು. ಉಳಿದವರಿಂದ ವಸೂಲಿ ಮಾಡು ಎಂದೂ ಹೇಳಿದರು! ನಮ್ಮ ಅಪ್ಪ ಸಾಯುವಾಗ ಸಂತನಾಗಲಿಲ್ಲ, ಲೆಕ್ಕ ಪಕ್ಕಾ ಇರಬೇಕೆಂಬ ಹಟವನ್ನು ಕೊನೆಯವರೆಗೂ ಬಿಡಲಿಲ್ಲ.

ಚಿಕ್ಕಪ್ಪನ ಜೊತೆ ಹೊಲದ ಬದುವಿನ ವಿಚಾರವಾಗಿ ಹಲವು ವರ್ಷಗಳಿಂದ ಮಾತು ಬಿಟ್ಟಿತ್ತು. ಅಪ್ಪ ಅವರನ್ನು ಕರೆಸಿಕೊಂಡರು. ಕ್ಷಮೆ, ಕಣ್ಣೀರು ಯಾವುದೂ ಇಲ್ಲದೆ, ಸರ್ವೇಯರನ್ನು ಕರೆಸಿ ಅಳೆಸೋಣ, ಎಲ್ಲಿಗೆ ಬರುತ್ತದೋ ಅಲ್ಲಿಗೆ ಕಲ್ಲು ನೆಡೋಣ ಎಂದರು. ಹಾಗೆಯೇ ಆಯಿತು. ಪಹಣಿ ಸರಿಯಾಗಿದ್ದುದರಿಂದ ಅವರು ಹೋದ ಮೇಲೆ ಪೌತಿ ಖಾತೆ ಮಾಡಿಸಲು ನಾವು ನಾಡಕಚೇರಿಗೆ ಹೆಚ್ಚು ಅಲೆಯಲಿಲ್ಲ.

ಈಗ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಅದು ಎಲ್ಲಿದೆ ಎಂಬುದು ನನ್ನ ಹೆಂಡತಿಗೆ ಗೊತ್ತು. ಅದಕ್ಕಿಂತ ಹೆಚ್ಚಿನ ಬದಲಾವಣೆಯೆಂದರೆ, ಯಾರಾದರೂ ಉಪಕಾರ ಮಾಡಿದರೆ ಅದೇ ವರ್ಷ ಹೋಗಿ ಮುಖ ತೋರಿಸಿ ಬರುತ್ತೇನೆ. ನಿಮ್ಮ ಮಾವನವರ ಪಕ್ಕದಲ್ಲಿ ಪೆನ್ನು ಹಿಡಿದು ಕುಳಿತುಕೊಳ್ಳಿ ತಂಗೀ, ಅವರಾಗಿಯೇ ಹೇಳುತ್ತಾರೆ.

ನಿವೃತ್ತ ಉಪನ್ಯಾಸಕರು, ಮೈಸೂರು

ಮೇಲಿನ ಎರಡೂ ಅನುಭವಗಳನ್ನು ಗೌರವಿಸುತ್ತಲೇ ಒಂದು ತಕರಾರು ಎತ್ತುತ್ತೇನೆ. ‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಶರಣರಿಗೆ ಅದು ಸರಿ. ಅದನ್ನೇ ಸಾಮಾನ್ಯ ಮನುಷ್ಯನಿಗೆ ಪರೀಕ್ಷೆಯಾಗಿ ಒಡ್ಡಬಾರದು. ನನ್ನ ಅಣ್ಣ ಸಿಟ್ಟಿನಲ್ಲಿಯೇ ಹೋದ. ನೋಡಲು ಬಂದವರಿಗೆ ಬೆನ್ನು ತಿರುಗಿಸಿ ಮಲಗುತ್ತಿದ್ದ, ದೇವರ ಪ್ರಸಾದವನ್ನು ತಳ್ಳುತ್ತಿದ್ದ, ಅತ್ತಿಗೆಯನ್ನು ಬೈಯುತ್ತಿದ್ದ. ಬಂಧುಗಳು ಅವನಿಂದ ಒಂದು ಒಳ್ಳೆಯ ಮಾತು, ಒಂದು ಆಶೀರ್ವಾದ ಪಡೆದು ಹೋಗಲೆಂದು ಬರುತ್ತಿದ್ದರು. ಸಿಗದಿದ್ದಾಗ ‘ಕೊನೆಗಾಲದಲ್ಲೂ ಬುದ್ಧಿ ಬರಲಿಲ್ಲ’ ಎಂದು ಹೊರಗೆ ಆಡಿಕೊಳ್ಳುತ್ತಿದ್ದರು. 58ನೆಯ ವಯಸ್ಸಿನಲ್ಲಿ ಸಾಯುತ್ತಿರುವವನಿಗೆ ಸಿಟ್ಟು ಬರುವುದು ನ್ಯಾಯವೇ. ಅವನ ಸಿಟ್ಟನ್ನು ಸರಿಪಡಿಸಲು ಹೋಗದೆ ಕೋಣೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದವನು ನಮ್ಮ ಭಾವಮೈದುನ ಒಬ್ಬನೇ, ಅಣ್ಣ ಕರೆಯುತ್ತಿದ್ದುದೂ ಅವನನ್ನೇ. ನಿಮ್ಮ ಮಾವನವರು ಏನನ್ನೂ ಕಲಿಸದೆ ಹೋದರೂ ಅವರ ಸಾವಿಗೇನೂ ಕೊರತೆಯಾಗುವುದಿಲ್ಲ.

ಒಬ್ಬ ಮೊಮ್ಮಗಳು, ಕಾರ್ಕಳ

ನಮ್ಮದು ಜೈನ ಮನೆತನ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು 600ರಿಂದ ಈಚೆಗಿನ ಅನೇಕ ಶಾಸನಗಳು ಸಲ್ಲೇಖನದಿಂದ ದೇಹ ಬಿಟ್ಟವರನ್ನು ಹೆಸರಿಸುತ್ತವೆ. ಉಪವಾಸದ ಆ ವ್ರತದ ಬಗ್ಗೆ ವಾದಗಳಿವೆ, ಅದು ಇಲ್ಲಿ ಬೇಡ. ನಾನು ಹೇಳಬೇಕೆಂದಿರುವುದು ವ್ರತಕ್ಕೆ ಮೊದಲು ಮಾಡಬೇಕಾದ ಕೆಲಸದ ಬಗ್ಗೆ: ಎಲ್ಲರಲ್ಲಿ ಕ್ಷಮೆ ಕೇಳಬೇಕು, ಎಲ್ಲರನ್ನೂ ಕ್ಷಮಿಸಬೇಕು. ನಮ್ಮ ಅಜ್ಜಿ ವ್ರತ ತೆಗೆದುಕೊಳ್ಳಲಿಲ್ಲ, ಇಷ್ಟನ್ನು ಮಾತ್ರ ಮಾಡಿದರು. ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ‘ತಿಳಿದೋ ತಿಳಿಯದೆಯೋ ಮಾಡಿದ್ದು’ ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸದೆ, ತಿಳಿದೇ ಮಾಡಿದ್ದನ್ನು ಹೆಸರಿಟ್ಟು ಹೇಳಿದರು. ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಹಿಂದೊಮ್ಮೆ ಬೆಳ್ಳಿಯ ಲೋಟ ಕದ್ದಳೆಂದು ಅನುಮಾನಿಸಿ, ಲೋಟ ಸಿಕ್ಕ ಮೇಲೂ ಆ ವಿಷಯ ಎತ್ತದೆ ಸುಮ್ಮನಾಗಿದ್ದುದನ್ನು ಅವಳೆದುರಿಗೇ ಒಪ್ಪಿಕೊಂಡರು. ಆಕೆ, ‘ಅಮ್ಮಾ, ನನಗೆ ಅದು ಅಂದೇ ಗೊತ್ತಿತ್ತು’ ಎಂದಳು. ಇಬ್ಬರೂ ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಅದನ್ನು ಹೊತ್ತುಕೊಂಡೇ ಓಡಾಡಿದ್ದರು. ಪ್ರತಿ ವರ್ಷ ಪರ್ಯೂಷಣದ ಬಳಿಕ ನಾವು ಕ್ಷಮೆ ಕೋರುವ ಸಂದೇಶವನ್ನು ಫೋನಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸುವುದುಂಟು. ನಾನೀಗ ಅದನ್ನು ಬಿಟ್ಟಿದ್ದೇನೆ, ಯಾರಿಗೆ ಹೇಳಬೇಕೋ ಅವರ ಮನೆಗೆ ಹೋಗುತ್ತೇನೆ.

ವಕೀಲರು, ಧಾರವಾಡ

ಟ್ರಂಕಿನ ಕಾಗದಗಳ ಜೊತೆ ಇನ್ನೊಂದು ಕಾಗದದ ಬಗ್ಗೆಯೂ ಯೋಚಿಸಿ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರಿನಂಥ ಚಿಕಿತ್ಸೆ ತನಗೆ ಬೇಡವೆಂದು ವ್ಯಕ್ತಿ ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿತ್ತು. 2023ರ ಜನವರಿಯ ಆದೇಶದ ನಂತರ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದರೆ ಸಾಕು. ತನಗೆ ಮಾತಾಡಲಾಗದಾಗ ಯಾರು ತನ್ನ ಪರವಾಗಿ ತೀರ್ಮಾನ ಹೇಳಬೇಕು ಎಂಬುದನ್ನೂ ಅದರಲ್ಲಿ ಹೆಸರಿಸಬೇಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಅಂಥ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿಗಳು ಒಂದರ ನಂತರ ಒಂದು ಒಪ್ಪಬೇಕು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ವಿಚಾರವಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆದರೆ ಒಂದು ಷರತ್ತಿದೆ: ಈ ಕಾಗದಕ್ಕೆ ಸಹಿ ಹಾಕುವವರಿಗೆ ತಮ್ಮ ಕಾಯಿಲೆ ಏನೆಂಬುದು ತಿಳಿದಿರಬೇಕು. ನಿಮ್ಮ ಮನೆಯಲ್ಲಿ ಇನ್ನೂ ಆ ಮಾತೇ ಆಗಿಲ್ಲ.

ಮಗ, ನ್ಯೂಜೆರ್ಸಿ

2021ರ ಮೇ ತಿಂಗಳಲ್ಲಿ ನಮ್ಮ ತಂದೆ ಕೋವಿಡ್‌ನಿಂದ ಹಾಸನದಲ್ಲಿ ತೀರಿಕೊಂಡಾಗ ನಾನು ಬರಲಾಗಲಿಲ್ಲ. ವಾರ್ಡಿನಲ್ಲಿದ್ದ ದಾದಿಯೊಬ್ಬರು ಕೈಗವಸು ತೊಟ್ಟ ಕೈಯಲ್ಲೇ ಫೋನ್ ಹಿಡಿದು ನಿಂತರು. ಅಪ್ಪ ಕೇಳಿದ್ದು ನಾನು ಊಟ ಮಾಡಿದೆನೇ ಎಂದು ಮಾತ್ರ. ನಿಮ್ಮ ಮನೆಯವರು ಯಾರಾದರೂ ದೂರದಲ್ಲಿದ್ದರೆ, ‘ಆಮೇಲೆ ಹೇಳೋಣ, ಗಾಬರಿಯಾಗುತ್ತಾರೆ’ ಎನ್ನದೆ ಈಗಲೇ ತಿಳಿಸಿ. ಮಾತಾಡಲು ಶಕ್ತಿ ಇರುವಾಗಲೇ ಅವರು ಬಂದು ಹೋಗಲಿ.

ದಾವಣಗೆರೆಯ ಗೃಹಿಣಿ, ಮತ್ತೆ

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ಇವನ್ನೆಲ್ಲ ಓದಿ ಹೇಳಿದೆ. ಎರಡು ವಿಷಯ ಕೇಳಬೇಕಾಗಿದೆ. ಮಾವನವರಿಗೆ ಕಾಯಿಲೆಯ ಹೆಸರನ್ನು ಹೇಗೆ ತಿಳಿಸುವುದು? ಇನ್ನೊಂದು, ಅವರು ಊಟ ಬಿಡುತ್ತಿದ್ದಾರೆ, ಅತ್ತೆಯವರು ತುತ್ತು ಮಾಡಿ ಬಲವಂತವಾಗಿ ಬಾಯಿಗಿಡುತ್ತಾರೆ. ದಿನಾ ಇಬ್ಬರಿಗೂ ಜಗಳವಾಗುತ್ತದೆ.

ಬೆಂಗಳೂರಿನ ದಾದಿ

ನೀವು ಹೇಳುವುದಕ್ಕಿಂತ ಮೊದಲು ಅವರನ್ನು ಕೇಳಿ. ‘ಮಾವ, ನಿಮ್ಮ ಕಾಯಿಲೆ ಏನಿರಬಹುದೆಂದು ನಿಮಗೆ ಅನಿಸುತ್ತದೆ?’ ಎಂದು ಮಗನೋ ನೀವೋ ಬಿಡುವಾಗಿ ಕುಳಿತು ಕೇಳಿದರೆ, ಬಹುಪಾಲು ಜನ ತಮಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕೆಂದಿದೆ ಎಂಬುದನ್ನು ಅವರೇ ತೋರಿಸುತ್ತಾರೆ. ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ, ಕೇಳದ್ದನ್ನು ಅವರ ಮೇಲೆ ಹೇರಬೇಡಿ. ಎಷ್ಟು ದಿನ ಎಂದು ಕೇಳಿದರೆ ಆ ಪ್ರಶ್ನೆಯನ್ನು ವೈದ್ಯರ ಎದುರು ಅವರ ಬಾಯಿಂದಲೇ ಕೇಳಿಸಿ.

ಊಟದ ವಿಷಯ ಅತ್ತೆಯವರಿಗೆ ನಿಧಾನವಾಗಿ ತಿಳಿಸಬೇಕು. ಜೀವಮಾನವೆಲ್ಲ ಬಡಿಸಿದ ಕೈ ಅದು, ಬಡಿಸಬೇಡಿ ಎಂದರೆ ಕೈ ಕಟ್ಟಿಹಾಕಿದಂತಾಗುತ್ತದೆ. ಕೊನೆಗೊನೆಗೆ ದೇಹ ಆಹಾರವನ್ನು ಬಳಸಿಕೊಳ್ಳಲಾರದು, ಹಸಿವು ಕಡಿಮೆಯಾಗುವುದು ಕಾಯಿಲೆಯ ಕಾರಣದಿಂದ. ಊಟ ಬಿಟ್ಟದ್ದರಿಂದ ಕಾಯಿಲೆ ಏರುತ್ತಿದೆ ಎಂಬುದು ಸರಿಯಲ್ಲ. ಬಲವಂತವಾಗಿ ತುರುಕಿದರೆ ವಾಂತಿಯಾಗಬಹುದು, ಮಲಗಿದವರಿಗೆ ಶ್ವಾಸಕೋಶಕ್ಕೂ ಇಳಿಯಬಹುದು. ಆದ್ದರಿಂದ ದಿಂಬು ಕೊಟ್ಟು ಎತ್ತರಿಸಿ ಕೂರಿಸಿ, ಅವರಾಗಿ ಕೇಳಿದಾಗ ಕೇಳಿದ್ದನ್ನು ಎರಡು ಚಮಚ ಕೊಡಲಿ. ಗಂಜಿಯಾದರೂ ಸರಿ, ಉಪ್ಪಿನಕಾಯಿಯ ರಸವಾದರೂ ಸರಿ. ಬಾಯಿ ಒಣಗದಂತೆ ಒದ್ದೆ ಹತ್ತಿಯಿಂದ ತುಟಿ, ನಾಲಗೆ ಒರೆಸುವುದು, ಸಂಜೆ ಪಾದಕ್ಕೆ ಎಣ್ಣೆ ಸವರುವುದು, ಈ ಕೆಲಸಗಳನ್ನು ಅತ್ತೆಯವರಿಗೇ ವಹಿಸಿಬಿಡಿ, ನೀವು ಮಾಡಬೇಡಿ. ಮಾರ್ಫಿನ್ ಶುರುವಾದರೆ ಮಾತ್ರೆಗಳನ್ನು ವಾರಕ್ಕೆರಡು ಸಲ ಎಣಿಸಿಡಿ. ಹಬ್ಬ, ಭಾನುವಾರಗಳ ಮೊದಲು ದಾಸ್ತಾನು ನೋಡಿಕೊಳ್ಳಿ.