ಸ್ಟೀಮ್ ರೈಲಿನ ಚಿತ್ರವಿರುವ ಟೋಟ್ ಬ್ಯಾಗ್: ಯಾವುದು ತಗೊಳ್ಳಲಿ?

ಕೇಳಿದ್ದು: ನಮ್ಮ ಮಾವನಿಗೆ ಸ್ಟೀಮ್ ಇಂಜಿನ್ ಅಂದರೆ ಹುಚ್ಚು. ಕಲಾವಿದರೊಬ್ಬರು ಬರೆದ ರೈಲಿನ ಚಿತ್ರ ಪ್ರಿಂಟ್ ಆಗಿರುವ ಟೋಟ್ ಬ್ಯಾಗ್ ಕೊಡೋಣ ಅಂದುಕೊಂಡಿದ್ದೇನೆ. ಅದೇ ಚಿತ್ರ ಕಾಟನ್‌ನಲ್ಲೂ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ಒಗೆದರೆ ಬಣ್ಣ ಉಳಿಯುತ್ತದಾ? ಬಳಸಿದವರು ಹೇಳಿ.

ಉತ್ತರ 1: ನನ್ನ ಹತ್ತಿರ ಎರಡೂ ಇವೆ. ದಿನಾ ಬಳಸುವುದಾದರೆ ಪಾಲಿಯೆಸ್ಟರ್ ತಗೊಳ್ಳಿ. ಅದರ ಮೇಲೆ ಸಾಮಾನ್ಯವಾಗಿ ಸಬ್ಲಿಮೇಶನ್ ಪ್ರಿಂಟ್ ಇರುತ್ತದೆ. ಶಾಖಕ್ಕೆ ಬಣ್ಣ ಆವಿಯಾಗಿ ಎಳೆಯೊಳಗೇ ಇಳಿಯುತ್ತದೆ, ಹಾಗಾಗಿ ಸಿಪ್ಪೆ ಏಳುವ ಮಾತಿಲ್ಲ. ಕಾಟನ್‌ಗೆ ಈ ಬಣ್ಣ ಹಿಡಿಯುವುದಿಲ್ಲ. ಅಲ್ಲಿ ಬಟ್ಟೆಯ ಮೇಲೇ ಇಂಕ್ ಸಿಂಪಡಿಸುತ್ತಾರೆ, ಇಲ್ಲವೇ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಲ್ಲಿ ಅಂಟಿಸುತ್ತಾರೆ. ಅಂಟಿಸಿದ್ದು ಸವರಿದರೆ ರಬ್ಬರಿನ ಹಾಗಿರುತ್ತದೆ. ಮಡಚುವ ಜಾಗದಲ್ಲೇ ಮೊದಲು ಬಿರುಕು ಬಿಡುವುದು.

ಇನ್ನೊಂದು ವಿಷಯ. ಇಂಜಿನ್ ನೋಡಿ ಮರುಳಾಗಬೇಡಿ, ಹೊಗೆ ನೋಡಿ. ಕಪ್ಪು ಇಂಜಿನ್ ಎಂಥ ಪ್ರಿಂಟಿನಲ್ಲೂ ಎದ್ದು ಕಾಣುತ್ತದೆ. ಹೊಗೆ, ಹಬೆ ಹಾಗಲ್ಲ, ಬಿಳಿಯಿಂದ ಬೂದಿಗೆ ಮೆಲ್ಲಗೆ ತಿರುಗಬೇಕು. ಚಿತ್ರದ ಫೈಲ್ ಕುಗ್ಗಿಸಿದ್ದರೆ ಅದೆಲ್ಲ ಪಟ್ಟೆ ಪಟ್ಟೆಯಾಗುತ್ತದೆ. ಬಿಳುಪು ಮಾಡದ ಕಾಟನ್ ಆದರೆ, ಕೆಳಗೆ ಬಿಳಿ ಇಂಕ್ ಹಾಕದಿದ್ದಾಗ ಹಬೆ ಹಳದಿ ಹೊಡೆಯುತ್ತದೆ. ಮಾರುವವರು ತೋರಿಸುವ ಫೋಟೋ ನಂಬಬೇಡಿ. ಬಹಳ ಸಲ ಅದು ಕಂಪ್ಯೂಟರಿನಲ್ಲಿ ಚೀಲದ ಮೇಲೆ ಚಿತ್ರ ಕೂರಿಸಿದ್ದು, ಅಷ್ಟೇ. ಕೊಂಡವರು ತೆಗೆದ ಫೋಟೋ ಹುಡುಕಿ.

ಉತ್ತರ 2: ಬಣ್ಣದ ಮಾತು ಸರಿ. ಆದರೂ ಉಡುಗೊರೆಗೆ ನನಗೆ ದಪ್ಪ ಕಾಟನ್ನೇ ಇಷ್ಟ. ಚಿತ್ರ ಬರೆಯುವ ಕ್ಯಾನ್ವಾಸಿನ ಕಳೆ ಅದಕ್ಕೇ ಇರುವುದು, ಅಲ್ವಾ? ನನ್ನ ತಕರಾರು ಚೀಲಕ್ಕೆ ಹೊಂದಿಸಲು ಚಿತ್ರದ ಅಂಚು ಕತ್ತರಿಸುವುದರ ಬಗ್ಗೆ. ರೈಲಿನ ಚಿತ್ರ ಅಡ್ಡಕ್ಕೆ ಉದ್ದ, ಚೀಲ ಹೆಚ್ಚುಕಡಿಮೆ ಚೌಕ. ಬೋಗಿ ಹೋದರೆ ಹೋಗಲಿ, ಚಕ್ರ ಹೋಗಬಾರದು. ಚಕ್ರ ಎಣಿಸಿ ಇಂಜಿನ್ ಜಾತಿ ಹೇಳುವವರಿದ್ದಾರೆ. 4-6-2, ಅಂದರೆ ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು ಚಕ್ರ ಇದ್ದರೆ ಅದು ‘ಪೆಸಿಫಿಕ್’ ಜಾತಿ. ನಿಮ್ಮ ಮಾವ ಆ ಪೈಕಿಯಾದರೆ ಮೊದಲು ಅಲ್ಲೇ ಕಣ್ಣು ಹೋಗುತ್ತದೆ.

ಯಾವ ಚಿತ್ರ ಅಂದರೆ, ಇಂಗ್ಲಿಷ್ ಚಿತ್ರಕಾರ ಟರ್ನರ್ 1844ರಲ್ಲಿ ತೋರಿಸಿದ ರೈಲಿನ ಚಿತ್ರ ‘ಮಳೆ, ಹಬೆ ಮತ್ತು ವೇಗ’ ಚೀಲದ ಮೇಲೆ ಸುಮ್ನೆ ಮಂಜಿನ ಹಾಗೆ ಕಾಣುತ್ತದೆ. ಇಂಜಿನ್ ಮುಂದೆ ಓಡುವ ಮೊಲ ಮೂಲ ಚಿತ್ರದಲ್ಲೇ ಸರಿಯಾಗಿ ಕಾಣುವುದಿಲ್ಲ, ಇನ್ನು ಚೀಲದಲ್ಲಿ ಎಲ್ಲಿಂದ? ಇನ್ನೊಬ್ಬ ಇಂಗ್ಲಿಷ್ ಚಿತ್ರಕಾರ ಟೆರೆನ್ಸ್ ಕುನಿಯೊ ಬರೆದ ಇಂಜಿನ್‌ಗಳಲ್ಲಿ ವಿವರ ಜಾಸ್ತಿ. ಚಿತ್ರದಲ್ಲೆಲ್ಲೋ ಪುಟ್ಟ ಇಲಿ ಬಚ್ಚಿಡುವುದು ಅವರ ಅಭ್ಯಾಸವಾಗಿತ್ತು. ಮಾವನಿಗೆ ಹುಡುಕುವ ಕೆಲಸವೂ ಸಿಗುತ್ತದೆ.

ಉತ್ತರ 3: ಎರಡಕ್ಕೂ ಒಗೆತ ಒಂದೇ. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರು, ನೆರಳಲ್ಲಿ ಒಣಗಿಸುವುದು. ಪ್ರಿಂಟ್ ಮೇಲೆ ಇಸ್ತ್ರಿ ಬೇಡ. ಕಾಟನ್ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಗಾಬರಿ ಬೇಡ.

ಕಲಾವಿದರ ಹೆಸರು ಹಾಕಿದ್ದಾರಾ ನೋಡಿ. ಟರ್ನರ್ ತೀರಿಕೊಂಡದ್ದು 1851ರಲ್ಲಿ, ಆ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಬಹುದು. ಕುನಿಯೊ 1996ರವರೆಗೆ ಇದ್ದರು, ಅವರ ಚಿತ್ರಗಳಿಗೆ ಅನುಮತಿ ಬೇಕು. ಈಗ ಬದುಕಿರುವ ಕಲಾವಿದರಾದರೆ ಅವರಿಂದಲೇ ಕೊಳ್ಳಲು ಆಗುತ್ತದಾ ಅಂತ ಒಮ್ಮೆ ಕೇಳಿ ನೋಡಿ.