ಸಹಾಯ ಬೇಕು: ಸರಗೂರಿಗೆ ಸ್ವಯಂಸೇವೆಗೆ ಬರುವ ಜರ್ಮನ್ ಗೆಳತಿಯ ವೀಸಾ ಮತ್ತು ಸಿದ್ಧತೆ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿ ನನ್ನ ಸಹೋದ್ಯೋಗಿಯಾಗಿರುವ ಜರ್ಮನ್ ಗೆಳತಿಯೊಬ್ಬರು, ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನಲ್ಲಿ ಜೇನುಕುರುಬ ಬುಡಕಟ್ಟಿನವರ ಹಾಡಿಗಳ (ಕಾಡಂಚಿನ ವಸತಿಗಳ) ಮಕ್ಕಳಿಗಾಗಿ ದುಡಿಯುತ್ತಿರುವ ಸೇವಾ ಸಂಸ್ಥೆಯೊಂದರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ವೇತನವಿಲ್ಲದೆ ಕೆಲಸ ಮಾಡಲು ಹೊರಟಿದ್ದಾರೆ.

ಪ್ರವಾಸಿ ವೀಸಾದಲ್ಲಿ ಗರಿಷ್ಠ 1 ತಿಂಗಳ, ಪ್ರತಿಫಲವಿಲ್ಲದ ಸ್ವಯಂಸೇವೆಗಷ್ಟೇ ಅವಕಾಶವಿರುವುದರಿಂದ, ನೋಂದಾಯಿತ ಸಂಸ್ಥೆಗಳಲ್ಲಿ ಗೌರವ ಸೇವೆ ಸಲ್ಲಿಸುವವರಿಗೆ ನೀಡುವ ಉದ್ಯೋಗ ವೀಸಾಕ್ಕೆ ಅವರು ಅರ್ಜಿ ಸಲ್ಲಿಸಬೇಕಾಗಿದೆ. ವೀಸಾ ಅವಧಿ 180 ದಿನ ಮೀರಿದರೆ, ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿಯನ್ನೂ ಮಾಡಿಸಬೇಕು. ಸಂಸ್ಥೆಯು ಆಹ್ವಾನ ಪತ್ರ ಕೊಡಲು ಒಪ್ಪಿದೆ. ಆದರೆ ಕೆಲಸದ ಸ್ವರೂಪ, ಅವಧಿ, ವಸತಿಯ ಹೊಣೆ ಇವುಗಳನ್ನು ಅದರಲ್ಲಿ ಎಷ್ಟು ವಿವರವಾಗಿ ಬರೆಸಬೇಕು ಎಂಬುದನ್ನು, ಇಂತಹ ವೀಸಾ ಮಾಡಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು. ನೋಂದಣಿಯೆಲ್ಲ ಆನ್‌ಲೈನಿನಲ್ಲೇ ಮುಗಿಯುವುದೋ, ಬೆಂಗಳೂರಿನ ಕಚೇರಿಗೂ ಹೋಗಬೇಕಾಗುವುದೋ?

ಅವರಿಗೆ ನಾನೇ ವಾರಾಂತ್ಯದಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ನನ್ನದು ಧಾರವಾಡದ ಮಾತು. ಅದನ್ನು ಕಲಿತು ಅಲ್ಲಿಗೆ ಹೋದರೆ ಮಕ್ಕಳು ನಗುವುದಂತೂ ಖಂಡಿತ. ಆದ್ದರಿಂದ ಮೈಸೂರು ಕಡೆಯ ಆಡುಮಾತಿನ ಧ್ವನಿಮುದ್ರಣಗಳಿದ್ದರೆ ಹಂಚಿಕೊಳ್ಳಿ. ರೇಬೀಸ್ ಲಸಿಕೆಯನ್ನು ಇಲ್ಲಿಯೇ ಹಾಕಿಸಿಕೊಳ್ಳಲಿದ್ದಾರೆ. ಕಾಡಂಚಿನ ವಾಸಕ್ಕೆ, ಮುಖ್ಯವಾಗಿ ಮಳೆಗಾಲಕ್ಕೆ, ಬೇರೇನು ಎಚ್ಚರಿಕೆ ಬೇಕೆಂಬುದನ್ನು ಆ ಭಾಗದವರು ಬರೆದರೆ ಉಪಕಾರವಾಗುತ್ತದೆ.