ದೊಡ್ಡಮನೆ ಬಳಗದಲ್ಲಿ ಕರಿಯನ ವಿಚಾರಣೆ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ನಾಯಿ ಮುಟ್ಟಿದ ಮಗುವಿನ ಹೊಟ್ಟೆಯಲ್ಲಿ ಲಾಡಿಹುಳು! ಕೂದಲಿನಲ್ಲಿರುವ ಮೊಟ್ಟೆ ಹೊಟ್ಟೆಗೆ ಇಳಿದು, ಅಲ್ಲಿಂದ ಮಿದುಳಿಗೆ ಏರುತ್ತದೆ. ಕೂಡಲೇ ನಾಯಿಯನ್ನು ಮನೆಯಿಂದ ಹೊರಗೆ ಹಾಕಿ. ಎಲ್ಲ ಗುಂಪುಗಳಿಗೂ ಕಳುಹಿಸಿ.

ದೊಡ್ಡಪ್ಪ: ಸುಧಾ, ಓದಿದೆಯಾ? ಕರಿಯನ ಮೈಮೇಲೆ ಪುಟ್ಟಿ ಮಲಗಿರುವ ಫೋಟೋ ಮೊನ್ನೆ ನೀನೇ ಹಾಕಿದ್ದೆ.

ಸುಧಕ್ಕ: ಓದಿದಾಗಿನಿಂದ ಕೈಕಾಲು ಆಡುತ್ತಿಲ್ಲ ದೊಡ್ಡಪ್ಪ. ಕರಿಯನನ್ನು ಹಿತ್ತಿಲಲ್ಲಿ ಕಟ್ಟಿಹಾಕಿದ್ದೇನೆ.

ಭಾವ: ಕಟ್ಟಿದ್ದು ಅವಳು, ಅದು ಊಳಿಡುವುದನ್ನು ಕೇಳುತ್ತಿರುವುದು ನಾನು.

ನಾನು: ನಾಯಿಗಳ ಹೊಟ್ಟೆ ನೋಡಿಯೇ ನನ್ನ ಹೊಟ್ಟೆ ತುಂಬುವುದು, ಆದ್ದರಿಂದ ಸ್ವಲ್ಪ ಕೇಳಿ. ಈ ಸಂದೇಶದಲ್ಲಿ ಎರಡು ಬೇರೆ ಬೇರೆ ಹುಳುಗಳನ್ನು ಕಲಸಿದ್ದಾರೆ. ನಾಯಿ, ಬೆಕ್ಕುಗಳಿಂದ ಅಪರೂಪಕ್ಕೆ ಮಕ್ಕಳಿಗೆ ಬರುವ ಲಾಡಿಹುಳುವಿನ ಹೆಸರು ಡಿಪೈಲಿಡಿಯಂ ಕ್ಯಾನೈನಮ್. ಅದು ಮುಟ್ಟಿದರೆ ಬರುವುದಿಲ್ಲ, ಮೊಟ್ಟೆ ನುಂಗಿದರೂ ಬರುವುದಿಲ್ಲ. ಅದರ ಮರಿಯನ್ನು ಹೊತ್ತ ಚಿಗಟವನ್ನು ನುಂಗಬೇಕು.

ದೊಡ್ಡಪ್ಪ: ಚಿಗಟವನ್ನು ಯಾರಪ್ಪ ನುಂಗುತ್ತಾರೆ?

ನಾನು: ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ನುಂಗುತ್ತದೆ. ಅದಕ್ಕೇ ಈ ಸೋಂಕು ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ಹಾಗೆಂದು ಮನೆಮನೆಯ ಕಾಯಿಲೆಯಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಒಂದೊಂದೇ ಪ್ರಕರಣವಾಗಿ ಅಚ್ಚಾಗುವಷ್ಟು ವಿರಳ. ನಮ್ಮ ದೇಶದಿಂದಲೂ ವರದಿಯಾಗಿವೆ.

ಸುಧಕ್ಕ: ಕರಿಯನ ಕಿವಿಯಲ್ಲಿ ಕಳೆದ ವಾರ ಉಣ್ಣೆ ಕಿತ್ತಿದ್ದೆನಲ್ಲ!

ನಾನು: ಉಣ್ಣೆ ಬೇರೆ, ಚಿಗಟ ಬೇರೆ ಅಕ್ಕ. ಉಣ್ಣೆ ಬೇರೆ ರೋಗ ತರುತ್ತದೆ, ಈ ಹುಳುವನ್ನಲ್ಲ. ಚಿಗಟದ ಮರಿಗಳು ನಾಯಿಯ ಮೈಮೇಲಿಗಿಂತ ಅದು ಮಲಗುವ ಗೋಣಿಚೀಲದಲ್ಲಿ, ನೆಲದ ಬಿರುಕುಗಳಲ್ಲಿ ಬೆಳೆಯುತ್ತವೆ. ಹುಳುವಿನ ಮೊಟ್ಟೆಯನ್ನು ತಿನ್ನುವುದು ಅಲ್ಲೇ. ಆ ಗೋಣಿಯನ್ನು ಕುದಿಯುವ ನೀರಿಗೆ ಹಾಕಿ, ಇಲ್ಲವೇ ಎಸೆಯಿರಿ. ನಾಯಿಗೆ ಚಿಗಟದ ಔಷಧ, ಹುಳುವಿನ ಮಾತ್ರೆ ಎರಡೂ ಬೇಕು. ಒಂದನ್ನೇ ಕೊಟ್ಟರೆ ಮತ್ತೆ ಮೊದಲಿನಂತೆಯೇ.

ಚಿಕ್ಕಮ್ಮ: ಅಂಗನವಾಡಿಯಲ್ಲಿ ಪುಟ್ಟಿಗೆ ಜಂತುಹುಳು ಮಾತ್ರೆ ಚೀಪಿಸಿದ್ದಾರಲ್ಲ. ಇನ್ನೇನು ಭಯ?

ನಾನು: ಅದು ಆಲ್ಬೆಂಡಜೋಲ್ ಚಿಕ್ಕಮ್ಮ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವುದು ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗಾಗಿ. ಚಿಗಟದಿಂದ ಬರುವ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು, ಅದನ್ನು ಮಗುವಿನ ತೂಕ ನೋಡಿ ವೈದ್ಯರೇ ಕೊಡಬೇಕು. ಎಡವಟ್ಟಾಗುವುದು ಇಲ್ಲೇ. ಮಲದಲ್ಲಿ ಅನ್ನದ ಅಗುಳಿನಂಥ ಬಿಳಿ ತುಣುಕುಗಳು ಅಲುಗಾಡುತ್ತಿರುತ್ತವೆ, ಮನೆಯವರು ಮಾಮೂಲಿ ಹುಳು ಎಂದುಕೊಂಡು ಅದೇ ಮಾತ್ರೆಯನ್ನು ಮತ್ತೆ ಮತ್ತೆ ಕೊಡುತ್ತಾರೆ, ತುಣುಕುಗಳು ಬರುತ್ತಲೇ ಇರುತ್ತವೆ. ಅಂಥದ್ದು ಕಂಡರೆ ಒಂದು ತುಣುಕನ್ನು ಶೀಶೆಯಲ್ಲಿ ಹಾಕಿಕೊಂಡು ಹೋಗಿ. ಮೊಟ್ಟೆಗಳು ತುಣುಕಿನೊಳಗೇ ಉಳಿದುಬಿಡುವುದರಿಂದ ಬರೀ ಮಲಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಚಿಕ್ಕಮ್ಮ: ಊಟದ ಹೊತ್ತಿಗೆ ಇದೆಲ್ಲ ಬೇಕಿತ್ತೇ!

ದೊಡ್ಡಪ್ಪ: ಮಿದುಳಿನ ಮಾತು ಮಾತ್ರ ಹಾರಿಸಿಬಿಟ್ಟೆ. ನಮ್ಮ ಬೀದಿಯ ಹುಡುಗನಿಗೆ ಮೂರ್ಛೆ ಬಂದು, ಸ್ಕ್ಯಾನ್‌ನಲ್ಲಿ ಹುಳು ಕಾಣಿಸಿತ್ತು. ಸುಳ್ಳೇ?

ನಾನು: ಸುಳ್ಳಲ್ಲ. ಅದು ಹಂದಿಯ ಲಾಡಿಹುಳು. ಆದರೆ ಮಿದುಳಿಗೆ ಹೋಗುವ ಮರಿಯ ಮೊಟ್ಟೆ ಬರುವುದು ಮನುಷ್ಯರ ಮಲದಿಂದ. ಹೊಟ್ಟೆಯಲ್ಲಿ ಆ ಹುಳುವಿರುವವರು ಕೈ ತೊಳೆಯದೆ ಬಡಿಸಿದರೆ, ಹುಟ್ಟಿದಾಗಿನಿಂದ ಮಾಂಸ ಮುಟ್ಟದವರಿಗೂ ಬರಬಹುದು. ಅದರಲ್ಲಿ ಕರಿಯನ ಪಾತ್ರವಿಲ್ಲ.

ದೊಡ್ಡಪ್ಪ: ಅಂದರೆ ನಾಯಿ ಪರಮಸಾಧು. ಆಯಿತು ಬಿಡು.

ನಾನು: ಹಾಗೆಂದು ನಾನೆಲ್ಲಿ ಹೇಳಿದೆ? ನಿಮ್ಮ ಸಂದೇಶ ಬಿಟ್ಟಿರುವ ಹುಳುವೇ ಹೆಚ್ಚು ಅಪಾಯಕಾರಿ. ಎಕಿನೋಕಾಕಸ್ ಎಂದು, ಕೆಲವೇ ಮಿಲಿಮೀಟರ್ ಉದ್ದ. ಅದರ ಮೊಟ್ಟೆ ನಾಯಿಯ ಮಲದಿಂದ ನೇರವಾಗಿ ನಮ್ಮ ಬಾಯಿಗೆ ಬರಬಹುದು, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಕುರಿ, ಮೇಕೆಗಳ ಹಸಿ ಈಲಿ, ಶ್ವಾಸಕೋಶಗಳನ್ನು ತಿಂದ ನಾಯಿಗೆ ಅದು ಅಂಟುತ್ತದೆ.

ಸುಧಕ್ಕ: ಹಸಿಯದ್ದೇ?

ಸುಧಕ್ಕ: ರೀ, ಭಾನುವಾರ ಮಟನ್ ಅಂಗಡಿಯಿಂದ ಕವರಿನಲ್ಲಿ ಕಟ್ಟಿಸಿಕೊಂಡು ಬರುತ್ತೀರಲ್ಲ, ಅದೇನು?

ಭಾವ: ಅಂಗಡಿಯವನು ಪುಕ್ಕಟೆ ಕೊಡುತ್ತಾನೆ.

ದೊಡ್ಡಪ್ಪ: ನೋಡಿದೆಯಾ! ಫಾರ್ವರ್ಡ್ ಮಾಡಿದ್ದು ಒಳ್ಳೆಯದೇ ಆಯಿತು.

ನಾನು: ಅದರಲ್ಲಿ ಈ ವಿಷಯವೇ ಇರಲಿಲ್ಲ ದೊಡ್ಡಪ್ಪ. ಅಳಿಸಿಬಿಡಿ.

ದೊಡ್ಡಪ್ಪ: ಆಗಲೇ ಮೂರು ಗುಂಪುಗಳಿಗೆ ಹೋಗಿದೆ.

ಭಾವ: ಸರಿ, ಮುಂದಿನ ಭಾನುವಾರದಿಂದ ಬೇಯಿಸಿಯೇ ಹಾಕುತ್ತೇನೆ. ಕರಿಯನನ್ನು ಬಿಚ್ಚಲೇ?

ಸುಧಕ್ಕ: ಯಾವ ಕುಕ್ಕರಿನಲ್ಲಿ ಬೇಯಿಸುತ್ತೀರಿ, ಮೊದಲು ಅದನ್ನು ಹೇಳಿ.